ಅಲಾಯ್ ಹಾಕಿಸಿದ ಮೇಲೆ ಬಂದ ಸ್ಟೀರಿಂಗ್ ನಡುಕ, ಅದು ಹೋದ ಬಗೆ

ನನ್ನದು ಮೊದಲ ತಲೆಮಾರಿನ ಹ್ಯುಂಡೈ ಕ್ರೆಟಾ. 16 ಇಂಚಿನ ಸ್ಟೀಲ್ ವ್ಹೀಲ್, 205/65 ಟೈರ್ ಇದ್ದ ಗಾಡಿ. ಟೈರ್ ಸವೆದಿತ್ತು. ಹೇಗೂ ಖರ್ಚು ಇದ್ದೇ ಇದೆಯಲ್ಲ ಎಂದು 17 ಇಂಚಿನ ಅಲಾಯ್, 215/60 ಟೈರ್ ಹಾಕಿಸಿದೆ. ಹೊರಗಿನ ಅಲಾಯ್, ಕಂಪನಿಯದಲ್ಲ. ಐದು ನಟ್, ಪಿಸಿಡಿ (ನಟ್‌ಗಳು ಕೂರುವ ವೃತ್ತದ ಅಗಲ) 114.3 ಮಿಲಿಮೀಟರ್, ಎಲ್ಲ ಸರಿಯಾಗಿ ಕೂತಿತು.

ಬೆಂಗಳೂರೊಳಗೆ ಏನೂ ಗೊತ್ತಾಗಲಿಲ್ಲ. ಸಿಲ್ಕ್ ಬೋರ್ಡ್ ಕಡೆ 40 ಮುಟ್ಟಿದರೇ ಪುಣ್ಯ, ಅಲ್ವಾ? ಕೆಂಗೇರಿ ದಾಟಿ ಮೈಸೂರು ಹೈವೇಗೆ ಬಿದ್ದ ಮೇಲೆ ಬಣ್ಣ ಬಯಲಾಯಿತು. 85ರಿಂದ ಸ್ಟೀರಿಂಗ್ ಸಣ್ಣಗೆ ನಡುಗಲು ಶುರು. 95ರ ಹತ್ತಿರ ಕೈ ಜುಮ್ಮೆನ್ನುವಷ್ಟು. 75ಕ್ಕೆ ಇಳಿಸಿದರೆ ಗಾಡಿ ಮತ್ತೆ ಸಾಧು.

ಟೈರ್ ಅಂಗಡಿಯವರು ಹೇಳಿದ್ದು ಒಂದೇ ಮಾತು: "ಅಲೈನ್‌ಮೆಂಟ್ ಮಾಡ್ಸಿ ಸಾರ್, ಸರಿಹೋಗುತ್ತೆ." ನಾನು ಮಾಡಿಸಲಿಲ್ಲ. ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ. ಒಂದು ವೇಗದಲ್ಲಿ ಹುಟ್ಟಿ ಇನ್ನೊಂದು ವೇಗದಲ್ಲಿ ಸಾಯುವ ನಡುಕ ಅದರದ್ದಲ್ಲ. ಅದು ಸುತ್ತುವ ವಸ್ತುವಿನ ಕೆಲಸ. 215/60 ಆರ್17 ಟೈರಿನ ಸುತ್ತಳತೆ ಸುಮಾರು 2.17 ಮೀಟರ್. 90ರಲ್ಲಿ ಗಾಡಿ ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ಅಂದರೆ ಚಕ್ರ ಸೆಕೆಂಡಿಗೆ ಹನ್ನೊಂದೂವರೆ ಸುತ್ತು. ರಿಮ್ಮಿನ ಅಂಚಿನಲ್ಲಿ 20 ಗ್ರಾಂ ಒಂದೇ ಕಡೆ ಜಾಸ್ತಿ ಇದ್ದರೂ ಆ ವೇಗದಲ್ಲಿ ಅದು ಎರಡು ಕಿಲೋಗಿಂತ ಹೆಚ್ಚು ತೂಕದ ಬಲದಲ್ಲಿ ಎಳೆಯುತ್ತದೆ. ಅದೂ ಪ್ರತಿ ಸುತ್ತಿಗೂ.

ಮೊದಲು ಗಾಡಿಯ ದೋಷವೋ ಚಕ್ರದ ದೋಷವೋ ಎಂದು ತಿಳಿಯಬೇಕಿತ್ತು. ಹಳೆಯ ಸ್ಟೀಲ್ ವ್ಹೀಲ್‌ಗಳನ್ನು ನಾನು ಎಕ್ಸ್‌ಚೇಂಜಿಗೆ ಕೊಟ್ಟಿರಲಿಲ್ಲ. ಹೈವೇಯಲ್ಲಿ ಓಡಿಸಿ ನೋಡುವ ತನಕ ಯಾರೂ ಕೊಡಬೇಡಿ. ಅವನ್ನೇ ಮತ್ತೆ ಹಾಕಿಕೊಂಡು ಅದೇ ರಸ್ತೆಯಲ್ಲಿ ಹೋದೆ. ನಡುಕ ಇಲ್ಲ. ಸಸ್ಪೆನ್ಷನ್, ಬೇರಿಂಗ್, ಟೈ ರಾಡ್ ಎಲ್ಲದರ ಮೇಲಿನ ಅನುಮಾನ ಅಲ್ಲೇ ಮುಗಿಯಿತು. ಬ್ರೇಕ್ ಒತ್ತಿದಾಗ ಮಾತ್ರ ನಡುಗುವುದಾದರೆ ಡಿಸ್ಕ್ ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದರೆ ಡ್ರೈವ್ ಶಾಫ್ಟ್. ನನ್ನದು ಎರಡೂ ಅಲ್ಲ. ಮತ್ತೆ ಅಲಾಯ್ ಹಾಕಿ, ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಬದಲಿಸಿದೆ. ಆಗ ಸ್ಟೀರಿಂಗ್ ನಡುಕ ಅರ್ಧ ಇಳಿದು, ಸೀಟಿನ ಕೆಳಗೆ ಗುಂಯ್ ಎನ್ನುವುದು ಶುರುವಾಯಿತು. ತೊಂದರೆ ಒಂದೇ ಚಕ್ರದ್ದಲ್ಲ, ನಾಲ್ಕರಲ್ಲೂ ಇದೆ ಎಂದು ಆಗ ಅನಿಸಿತು.

ಅಲಾಯ್ ಬಿಚ್ಚಿ ಹಿಂಬದಿ ನೋಡಿದೆ. ಅಲ್ಲಿ ಅಚ್ಚು ಹಾಕಿತ್ತು: ಸಿಬಿ 73.1. ಸೆಂಟರ್ ಬೋರ್, ಅಂದರೆ ನಡುವಿನ ತೂತಿನ ಅಗಲ. ವರ್ನಿಯರ್ ಹಿಡಿದು ಹಬ್, ಅಂದರೆ ಆ ತೂತಿನೊಳಗೆ ಕೂರುವ ಗಾಡಿಯ ಗುಂಡನೆಯ ಭಾಗ, ಅಳೆದರೆ 67.1 ಮಿಲಿಮೀಟರ್. ಹೊರಗಿನ ಅಲಾಯ್ ಮಾಡುವವರು ಹಲವು ಗಾಡಿಗಳಿಗೆ ಹೊಂದಲಿ ಎಂದು ತೂತನ್ನು ದೊಡ್ಡದಾಗಿಯೇ ಬಿಡುತ್ತಾರೆ. ಸುತ್ತಲೂ 3 ಮಿಲಿಮೀಟರ್ ಸಂದು. ಕಂಪನಿಯ ಚಕ್ರ ಹಬ್ಬಿನ ಮೇಲೆ ಬಿಗಿಯಾಗಿ ಕೂತು ತಾನೇ ನಡುವಿಗೆ ಬರುತ್ತದೆ. ಇದು ಬರೀ ನಟ್‌ಗಳ ಇಳಿಜಾರಿನ ಮೇಲೆ ನಡುವಿಗೆ ಬರಬೇಕು. ಒಂದು ನಟ್ ಮೊದಲು ನಟ್ ಬಿಗಿಯುವ ಗನ್ನಿನಲ್ಲಿ ಪೂರ್ತಿ ಬಿಗಿದರೆ ಚಕ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇಲ್ಲೇ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವ) ಮೆಷಿನ್ ಯಾಕೆ ಮೋಸ ಮಾಡುತ್ತದೆ ಎಂಬುದು ಹೊಳೆಯುತ್ತದೆ. ಮೆಷಿನ್ ಚಕ್ರವನ್ನು ಹಿಡಿಯುವುದು ನಡುವಿನ ತೂತಿನಿಂದ. ಗಾಡಿ ಹಿಡಿಯುವುದು ನಟ್‌ಗಳಿಂದ. ಮೆಷಿನ್‌ನಲ್ಲಿ ಸೊನ್ನೆ ತೋರಿಸಿದ ಚಕ್ರ ಗಾಡಿಯ ಮೇಲೆ 0.3 ಮಿಲಿಮೀಟರ್ ಸರಿದು ಕೂತರೆ? ಟೈರ್ ಸೇರಿ ಚಕ್ರ ಸುಮಾರು 20 ಕಿಲೋ. ಅಷ್ಟು ಸರಿದರೆ ರಿಮ್ಮಿನ ಅಂಚಿನಲ್ಲಿ ಹತ್ತಿರ ಹತ್ತಿರ 28 ಗ್ರಾಂ ಅಂಟಿಸಿದ್ದಕ್ಕೆ ಸಮ. ಉಗುರಿನ ದಪ್ಪದಷ್ಟು ತಪ್ಪಿದರೂ ಬ್ಯಾಲೆನ್ಸಿಂಗಿನ ದುಡ್ಡು ನೀರುಪಾಲು. ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಸರಿಯಾಗಲ್ಲ ಎನ್ನುವವರ ಕಥೆ ಬಹಳಷ್ಟು ಸಲ ಇದೇ ಇರುತ್ತದೆ.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹಬ್ ರಿಂಗ್, ಅಂದರೆ ಆ ಸಂದು ತುಂಬುವ ಬಳೆ, ಕೇಳಿದೆ. 73.1ರಿಂದ 67.1 ಎಂದು ಎರಡೂ ಅಳತೆ ಹೇಳಲೇಬೇಕು. "ಕ್ರೆಟಾದ್ದು ಕೊಡಿ" ಎಂದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಪ್ಲಾಸ್ಟಿಕ್ ರಿಂಗೂ ಕೆಲಸ ಮಾಡುತ್ತದೆ. ಬ್ರೇಕಿನ ಬಿಸಿಗೆ ಹೆದರಿ ನಾನು ಅಲ್ಯೂಮಿನಿಯಂ ತೆಗೆದುಕೊಂಡೆ.

ಹಾಕುವ ಮೊದಲಿನ ಕೆಲಸದಲ್ಲೇ ಬೆವರು ಇಳಿಯಿತು. ಹಬ್ಬಿನ ಮುಖದ ಮೇಲೆ ತುಕ್ಕು ಪದರ ಕಟ್ಟಿತ್ತು. ವೈರ್ ಬ್ರಷ್, ಆಮೇಲೆ ಉಪ್ಪುಕಾಗದ, ಲೋಹ ಕಾಣುವ ತನಕ. ತುಕ್ಕು ಉಳಿದರೆ ಚಕ್ರ ಓರೆಯಾಗಿ ಕೂರುತ್ತದೆ. ರಿಂಗ್ ಕೈಯಲ್ಲೇ ಒತ್ತಿದರೆ ಒಳಗೆ ಹೋಗಬೇಕು, ಅಲುಗಾಡಬಾರದು, ಅಲಾಯ್ ಮುಖದಿಂದ ಆಚೆ ಚಾಚಬಾರದು. ನಟ್‌ಗಳನ್ನೂ ನೋಡಿದೆ. ನಟ್ಟಿನ ಇಳಿಜಾರಿಗೆ ಮಾರ್ಕರ್ ಪೆನ್ ಬಳಿದು, ಬಿಗಿದು ಬಿಚ್ಚಿದೆ. ಸುತ್ತಲೂ ಒಂದೇ ಸಮ ಅಳಿಸಿಹೋಗಿದ್ದರೆ ನಟ್ ಸರಿ ಕೂತಿದೆ ಎಂದರ್ಥ. ಬರೀ ಒಂದು ಗೆರೆ ಅಳಿಸಿದ್ದರೆ ಆ ನಟ್ ಈ ಅಲಾಯ್‌ಗೆ ಹೊಂದುವುದಿಲ್ಲ.

ಬಿಗಿಯುವಾಗ ಚಕ್ರ ನೆಲ ಮುಟ್ಟಬಾರದು. ಜಾಕ್ ಮೇಲೆ ಇರುವಾಗಲೇ ನಟ್‌ಗಳನ್ನು ಕೈಯಲ್ಲಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಸಾಲಿನಲ್ಲಿ ತಿರುಗಿಸಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕೆಳಗಿಳಿಸಿದ ಮೇಲೆ ಟಾರ್ಕ್ ರೆಂಚ್, ಓನರ್ಸ್ ಮ್ಯಾನುಯಲ್‌ನಲ್ಲಿ ಬರೆದಷ್ಟು. ಅಂಗಡಿಯ ಗನ್ ಶಬ್ದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಇಷ್ಟಕ್ಕೆ ಮುಕ್ಕಾಲು ಪಾಲು ನಡುಕ ಹೋಯಿತು. ಪೂರ್ತಿ ಅಲ್ಲ. ಉಳಿದದ್ದು ಮುಂದಿನ ಎಡ ಚಕ್ರದ್ದು. ಅದನ್ನು ಜಾಕ್ ಮೇಲೆ ಎತ್ತಿ, ಪಕ್ಕದಲ್ಲಿ ಇಟ್ಟಿಗೆ ಪೇರಿಸಿ, ಪೆನ್ಸಿಲ್ ತುದಿಯನ್ನು ಮೊದಲು ರಿಮ್ಮಿಗೆ ಹತ್ತಿರ ಇಟ್ಟು ನಿಧಾನಕ್ಕೆ ತಿರುಗಿಸಿದೆ. ಸಂದು ಸುತ್ತಲೂ ಒಂದೇ ಸಮ. ಟೈರಿನ ಮೈಗೆ ಹಿಡಿದಾಗ ಒಂದು ಜಾಗದಲ್ಲಿ ಪೆನ್ಸಿಲ್ ತಾಗಿತು. ಟೈರ್ ಪಕ್ಕದಲ್ಲಿ, ರಿಮ್ಮಿನ ಅಂಚಿಗೆ ಸಮನಾಗಿ ಒಂದು ಸಣ್ಣ ಗೆರೆ ಓಡುತ್ತದೆ, ನೋಡಿ. ಪೆನ್ಸಿಲ್ ತಾಗಿದ ಜಾಗದ ಎದುರು ಕಡೆ ಅದು ರಿಮ್ಮಿನೊಳಗೆ ಇಳಿದಿತ್ತು. ಟೈರ್ ಪೂರ್ತಿ ಕೂತೇ ಇರಲಿಲ್ಲ. ಗಾಳಿ ಬಿಟ್ಟು, ಅಂಚಿಗೆ ಸೋಪು ನೀರು ಹಚ್ಚಿ, ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಗಾಳಿ ತುಂಬಿಸಿದೆ. ಇದಕ್ಕೆ ಬೇರೆ ಅಂಗಡಿಗೆ ಹೋದೆ.

ಅಲ್ಲೇ ನಾಲ್ಕಕ್ಕೂ ಬ್ಯಾಲೆನ್ಸಿಂಗ್. ಹಳೆಯ ವೆಯ್ಟ್ ಎಲ್ಲ ಕೀಳಿಸಿ, ಚಕ್ರವನ್ನು ಮೆಷಿನ್ ಮೇಲೆ ನಡುವಿಗೆ ಕೂರಿಸುವ ಶಂಕುವಿನಾಕಾರದ ತುಂಡು, ಕೋನ್, ಅದನ್ನು ಹಿಂಬದಿಯಿಂದ ಹಾಕಲು ಹೇಳಿದೆ. ಸೊನ್ನೆ ಬಂದ ಮೇಲೆ ಮೆಷಿನ್‌ನ ನಟ್ ಸಡಿಲಿಸಿ, ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ಓಡಿಸಿ ಎಂದೆ. ಹುಡುಗ ನನ್ನನ್ನು ಒಂಥರಾ ನೋಡಿದ. ಓಡಿಸಿದಾಗ 15 ಗ್ರಾಂ ತೋರಿಸಿತು. ಚಕ್ರ ಮೆಷಿನ್ ಮೇಲೇ ನಡುವಿಗೆ ಕೂತಿರಲಿಲ್ಲ. ಕೋನ್ ಬದಲಿಸಿದ, ಆಮೇಲೆ ಹೇಗೆ ತಿರುಗಿಸಿದರೂ ಸೊನ್ನೆಯ ಆಸುಪಾಸು. ಹಲವು ಮೆಷಿನ್‌ಗಳು 5 ಗ್ರಾಂಗಿಂತ ಕಡಿಮೆ ಇದ್ದರೆ ಸುಮ್ನೆ ಸೊನ್ನೆ ಎನ್ನುತ್ತವೆ. ಫೈನ್ ಬಟನ್ ಒತ್ತಿಸಿದರೆ ನಿಜವಾದ ಲೆಕ್ಕ ಬರುತ್ತದೆ.

ಈಗ 100ರಲ್ಲೂ ಸ್ಟೀರಿಂಗ್ ಸದ್ದಿಲ್ಲದೆ ಇದೆ. ಟೈರ್ ದೊಡ್ಡದಾದ್ದರಿಂದ, ಮೀಟರ್ ಮೊದಲಿನಷ್ಟೇ ತೋರಿಸಿದರೂ ಗಾಡಿ ಸುಮಾರು ಎರಡೂವರೆ ಶೇಕಡ ಜಾಸ್ತಿ ವೇಗದಲ್ಲಿ ಓಡುತ್ತದೆ, ಹೈವೇ ಕ್ಯಾಮೆರಾಗಳಿಗೆ ಅದನ್ನು ವಿವರಿಸಲು ಆಗಲ್ಲ. ನೂರು ಕಿಲೋಮೀಟರ್ ಒಳಗೆ ನಟ್‌ಗಳನ್ನು ಇನ್ನೊಮ್ಮೆ ರೆಂಚಿನಲ್ಲಿ ನೋಡಿದೆ, ಒಂದೆರಡು ಸ್ವಲ್ಪ ತಿರುಗಿದವು.

ಸ್ಟೆಪ್ನಿ ಇನ್ನೂ ಹಳೆಯ ಸ್ಟೀಲ್. ಅದರ ತೂತು 67.1. ಪಂಕ್ಚರ್ ಆಗಿ ಅಲಾಯ್ ಬಿಚ್ಚಿದಾಗ ರಿಂಗ್ ಹಬ್ಬಿಗೇ ಕಚ್ಚಿಕೊಂಡು ಉಳಿದರೆ ಸ್ಟೆಪ್ನಿ ಒಳಗೆ ಹೋಗುವುದಿಲ್ಲ. ರಿಂಗನ್ನು ಸ್ಕ್ರೂಡ್ರೈವರ್‌ನಲ್ಲಿ ಮೀಟಿ ತೆಗೆದು ಜೋಪಾನ ಮಾಡಬೇಕು. ಅಲಾಯ್‌ನ ನಟ್ ತೂತು ಕಿರಿದಾಗಿದ್ದರಿಂದ ಗಾಡಿಯ ಸ್ಪ್ಯಾನರ್ ಒಳಗೆ ಇಳಿಯುತ್ತಿರಲಿಲ್ಲ. ತೆಳು ಗೋಡೆಯ ಸಾಕೆಟ್ ಒಂದನ್ನು ಸ್ಕ್ರೂಡ್ರೈವರ್ ಜೊತೆಗೆ ಜಾಕ್ ಚೀಲದಲ್ಲೇ ಹಾಕಿಟ್ಟಿದ್ದೇನೆ.