ಬ್ಯಾಟರಿ ಮೀಟರ್ ಸರಿಯಾದ ಪರ್ಸೆಂಟ್ ತೋರಿಸಬೇಕೆ? ವೈರಿನಿಂದ ಶುರು ಮಾಡಿ

ಕರೆಂಟ್ ಹೋದಾಗ 80 ತೋರಿಸುತ್ತಿದ್ದ ಯುಪಿಎಸ್ ಮೀಟರ್, ಮಿಕ್ಸಿ ಹಾಕಿದೊಡನೆ 30ಕ್ಕೆ ಬೀಳುತ್ತದೆ. ನಿಲ್ಲಿಸಿದರೆ 75ಕ್ಕೆ ಏರುತ್ತದೆ. ಬ್ಯಾಟರಿ ಹೋಯಿತೆಂದು ಹೊಸದಕ್ಕೆ ದುಡ್ಡು ಸುರಿಯುವವರು ಬಹಳ. ಆದರೆ ಯಾವ ಬ್ಯಾಟರಿಯೂ ಒಂದು ನಿಮಿಷದಲ್ಲಿ ಅರ್ಧ ಖಾಲಿಯಾಗಿ ಮತ್ತೆ ತುಂಬಿಕೊಳ್ಳುವುದಿಲ್ಲ. ಅಲ್ಲಿ ಇಳಿದದ್ದು ವೋಲ್ಟೇಜ್, ಚಾರ್ಜ್ ಅಲ್ಲ.

ಮೊದಲು ಬ್ಯಾಟರಿಯ ಜಾತಿ ನೋಡಿ. ಸ್ಕೂಟರ್‌ಗಳಲ್ಲಿ ಸಿಗುವ ಎನ್‌ಎಂಸಿ (ನಿಕಲ್ ಮ್ಯಾಂಗನೀಸ್ ಕೋಬಾಲ್ಟ್) ಲಿಥಿಯಂ ಸೆಲ್ 4.2 ವೋಲ್ಟ್‌ನಿಂದ 3ರವರೆಗೆ ಇಳಿಜಾರಿನಂತೆ ಇಳಿಯುತ್ತದೆ. ವೋಲ್ಟೇಜ್ ನೋಡಿ ಪರ್ಸೆಂಟ್ ಹೇಳಿದರೆ ತಕ್ಕಮಟ್ಟಿಗೆ ನಂಬಬಹುದು. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಹಾಗಲ್ಲ. 80ರಿಂದ 30 ಪರ್ಸೆಂಟ್‌ಗೆ ಇಳಿಯುವಾಗ ಒಂದು ಸೆಲ್‌ನ ವೋಲ್ಟೇಜ್ ಬದಲಾಗುವುದು ಹೆಚ್ಚೆಂದರೆ 0.1 ವೋಲ್ಟ್; ನಾಲ್ಕು ಸೆಲ್‌ಗಳ '12 ವೋಲ್ಟ್' ಪ್ಯಾಕ್‌ನಲ್ಲಿ 0.4.

ಈಗ ವೈರಿನ ಲೆಕ್ಕ. 6 ಚದರ ಮಿ.ಮೀ. ತಾಮ್ರದ ವೈರಿನ ರೆಸಿಸ್ಟೆನ್ಸ್ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2.9 ಮಿಲಿ ಓಮ್. ಯುಪಿಎಸ್ ಒಂದೂವರೆ ಮೀಟರ್ ದೂರದಲ್ಲಿದ್ದರೆ ಹೋಗಿಬರಲು 3 ಮೀಟರ್. ಮಿಕ್ಸಿ 40 ಆಂಪಿಯರ್ ಎಳೆದಾಗ 0.35 ವೋಲ್ಟ್ ದಾರಿಯಲ್ಲೇ ಮಾಯ. ಅರ್ಧ ಬ್ಯಾಟರಿಯ ಲೆಕ್ಕ ಅಷ್ಟರಲ್ಲೇ ಅಳಿಸಿಹೋಯಿತು. ಹಾಗಾಗಿ ಎಲ್‌ಎಫ್‌ಪಿಗೆ ಬರೀ ವೋಲ್ಟೇಜ್ ಅಳೆದು ಕಡ್ಡಿ ತೋರಿಸುವ ಅಗ್ಗದ ಮೀಟರ್ ಕೊಳ್ಳಲೇಬೇಡಿ. ಷಂಟ್ (ಹರಿಯುವ ಕರೆಂಟ್ ಅಳೆಯಲು ದಾರಿಯಲ್ಲಿ ಕೂರಿಸುವ ಚಿಕ್ಕ ರೆಸಿಸ್ಟೆನ್ಸ್) ಇರುವ, ಒಳಹೋದ ಹೊರಬಂದ ಆಂಪಿಯರ್ ಅವರ್ (ಎಷ್ಟು ಆಂಪಿಯರ್ ಎಷ್ಟು ಗಂಟೆ ಹರಿಯಿತು ಎಂಬ ಲೆಕ್ಕ) ಎಣಿಸುವ ಮೀಟರೇ ಬೇಕು.

ವೈರ್ 16 ಚದರ ಮಿ.ಮೀ. ಹಾಕಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಮೇಲೆ ಕೆಂಪು, ಒಳಗೆ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ರೆಸಿಸ್ಟೆನ್ಸ್ ಒಂದೂವರೆ ಪಟ್ಟು. ಮೇಲೆ ಬಿಳಿ, ಒಳಗೆ ಕೆಂಪಾದರೆ ತವರ ಲೇಪಿಸಿದ ತಾಮ್ರ, ಧಾರಾಳವಾಗಿ ತನ್ನಿ.

ಇನ್ನು ಷಂಟ್ ಜೋಡಣೆ. ಬಹಳ ಜನ ಎಡವುವುದು ಇಲ್ಲಿ. ಉಂಗುರ, ಬಳೆ ತೆಗೆದಿಟ್ಟು, ಯುಪಿಎಸ್ ಆಫ್ ಮಾಡಿ, ಮೊದಲು ನೆಗೆಟಿವ್ ವೈರ್ ಬಿಚ್ಚಿ. ಬ್ಯಾಟರಿಯ ನೆಗೆಟಿವ್ ಕಂಬದಿಂದ ಷಂಟ್‌ನ ಒಂದು ತುದಿಗೆ ಒಂದೇ ಒಂದು ದಪ್ಪ ವೈರ್ ಬರಬೇಕು. ಯುಪಿಎಸ್, ಸೋಲಾರ್ ಚಾರ್ಜರ್, ಬೇರೆ ಲೋಡ್ ಏನಿದ್ದರೂ ಅವುಗಳ ನೆಗೆಟಿವ್ ಷಂಟ್‌ನ ಇನ್ನೊಂದು ತುದಿಗೇ. ಸೋಲಾರ್ ಚಾರ್ಜರ್‌ನ ಕಪ್ಪು ವೈರನ್ನು ನೇರ ಬ್ಯಾಟರಿಗೆ ಕೊಟ್ಟರೆ ಮೀಟರ್ ಖರ್ಚು ಮಾತ್ರ ಬರೆದುಕೊಳ್ಳುತ್ತದೆ, ಜಮೆ ಬರೆಯುವುದಿಲ್ಲ. ಬ್ಯಾಟರಿ ತುಂಬಿದ್ದರೂ ಎರಡು ದಿನದಲ್ಲಿ ಸೊನ್ನೆ ತೋರಿಸುತ್ತದೆ.

ಷಂಟ್ ಮೇಲೆ ದಪ್ಪ ಬೋಲ್ಟ್ ಎರಡು, ನಡುವೆ ಚಿಕ್ಕ ಸ್ಕ್ರೂ ಎರಡು ಇರುತ್ತವೆ. ಮೀಟರಿನ ಸಣ್ಣ ವೈರ್‌ಗಳು ಚಿಕ್ಕ ಸ್ಕ್ರೂಗಳಿಗೆ ಮಾತ್ರ. ಅನುಕೂಲಕ್ಕೆಂದು ದಪ್ಪ ಬೋಲ್ಟಿನ ಲಗ್ (ವೈರಿನ ತುದಿಗೆ ಒತ್ತಿ ಕೂರಿಸುವ ಉಂಗುರದಂಥ ಲೋಹದ ತುಂಡು) ಜೊತೆ ಸಿಕ್ಕಿಸಿದಿರೋ, ಲೆಕ್ಕ ಕೆಟ್ಟಿತು. 100 ಆಂಪಿಯರ್‌ಗೆ 75 ಮಿಲಿವೋಲ್ಟ್ ಎಂದು ಬರೆದ ಷಂಟ್‌ನ ರೆಸಿಸ್ಟೆನ್ಸ್ ಬರೀ 0.75 ಮಿಲಿ ಓಮ್. ಬೋಲ್ಟ್ ಜಾಯಿಂಟ್‌ನ 0.1 ಮಿಲಿ ಓಮ್ ಅದಕ್ಕೆ ಸೇರಿದರೂ ಎಣಿಕೆ 13 ಪರ್ಸೆಂಟ್ ಜಾಸ್ತಿ. ಎರಡೂ ಸಣ್ಣ ವೈರ್‌ಗಳನ್ನು ಹುರಿ ಹೊಸೆದು ಒಯ್ಯಿರಿ. ವೋಲ್ಟೇಜ್ ನೋಡುವ ಕೆಂಪು ವೈರ್ ಯುಪಿಎಸ್ ಟರ್ಮಿನಲ್‌ನಿಂದಲ್ಲ, ಬ್ಯಾಟರಿಯ ಪಾಸಿಟಿವ್ ಕಂಬದಿಂದಲೇ ಬರಲಿ. ಕಂಬದ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿ. ಅದರಲ್ಲಿ ಹರಿಯುವುದು ಕೆಲವೇ ಮಿಲಿ ಆಂಪಿಯರ್, ಆದ್ದರಿಂದ ತೆಳು ವೈರ್ ಸಾಕು.

ಲಗ್ ನೇರವಾಗಿ ಕಂಬಕ್ಕೆ ಕೂರಬೇಕು, ವಾಷರ್ ಅದರ ಮೇಲೆ. ಸ್ಟೀಲ್ ವಾಷರನ್ನು ಲಗ್ ಕೆಳಗೆ ತೂರಿಸುವ ಚಟ ಕೆಲವರಿಗಿದೆ. ಸ್ಟೇನ್‌ಲೆಸ್ ಸ್ಟೀಲ್‌ನ ರೆಸಿಸ್ಟೆನ್ಸ್ ತಾಮ್ರದ ಸುಮಾರು 40 ಪಟ್ಟು. ಅಲ್ಯೂಮಿನಿಯಂ ಕಂಬವಾದರೆ ಸಣ್ಣ ಎಮೆರಿ ಪೇಪರಿನಿಂದ ಉಜ್ಜಿ, ಕೂಡಲೇ ಬಿಗಿಯಿರಿ. ಇಕ್ಕಳದಲ್ಲಿ ಒತ್ತಿದ ಲಗ್ ಬೇಡ, ಕ್ರಿಂಪಿಂಗ್ ಟೂಲ್ ಬೇಕು. ಪರೀಕ್ಷೆ ಹೀಗೆ: 20 ಆಂಪಿಯರ್ ಲೋಡ್ ಹಾಕಿ, ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಒಂದು ಮೊನೆ ಕಂಬಕ್ಕೆ, ಇನ್ನೊಂದು ಲಗ್‌ಗೆ ಒತ್ತಿ. 5 ಮಿಲಿವೋಲ್ಟ್ ದಾಟಿದರೆ ಬಿಚ್ಚಿ ಮತ್ತೆ ಮಾಡಿ.

ಸೆಟಿಂಗ್ ಸುಲಭ: ಸಾಮರ್ಥ್ಯ ತುಂಬಿಸಿ, ಪ್ಯೂಕರ್ಟ್ ಅಂಕಿ (ಹೆಚ್ಚು ಕರೆಂಟ್ ಎಳೆದಾಗ ಸಾಮರ್ಥ್ಯ ಎಷ್ಟು ಕುಗ್ಗುತ್ತದೆ ಎಂಬ ಅಳತೆ) ಕೇಳಿದರೆ ಲಿಥಿಯಂಗೆ 1.05, ಲೆಡ್ ಆಸಿಡ್‌ಗೆ 1.25 ಕೊಡಿ. 20 ಗಂಟೆಯ ಲೆಕ್ಕದಲ್ಲಿ 150 ಆಂಪಿಯರ್ ಅವರ್ ಎನ್ನುವ ಟ್ಯೂಬ್ಯುಲರ್ (ಲೆಡ್ ಆಸಿಡ್) ಬ್ಯಾಟರಿ ಅಷ್ಟು ಕೊಡುವುದು 7.5 ಆಂಪಿಯರ್ ಎಳೆದಾಗ. 40 ಎಳೆದರೆ ಬಹಳ ಕಡಿಮೆ.

'ಫುಲ್' ಯಾವಾಗ ಎನ್ನುವುದನ್ನು ಮಾತ್ರ ಯೋಚಿಸಿ ಕೊಡಿ. ಚಾರ್ಜರ್ 14.4 ವೋಲ್ಟ್‌ವರೆಗೆ ಏರಿಸುವುದಾದರೆ ಮೀಟರಿಗೆ 14.2 ಹೇಳಿ, ಜೊತೆಗೆ ಚಾರ್ಜಿಂಗ್ ಕರೆಂಟ್ ಬ್ಯಾಟರಿ ಸಾಮರ್ಥ್ಯದ 4 ಪರ್ಸೆಂಟ್‌ಗಿಂತ ಇಳಿದಿರಬೇಕು ಎಂಬ ಷರತ್ತು. 14.4 ಎಂದೇ ಕೊಟ್ಟರೆ ವೈರಿನಲ್ಲಿ ಚೂರು ಇಳಿದರೂ ಮೀಟರ್ ಎಂದೂ ನೂರು ಮುಟ್ಟುವುದಿಲ್ಲ. 13.5 ಕೊಟ್ಟರೆ ಅರ್ಧಕ್ಕೇ ನೂರು ಕೂಗುತ್ತದೆ.

ಲೋಡ್, ಚಾರ್ಜರ್ ಎರಡನ್ನೂ ಬಿಡಿಸಿ ಸೊನ್ನೆ ಕ್ಯಾಲಿಬ್ರೇಷನ್ ಮಾಡಿ, ಅಂದರೆ ಕರೆಂಟ್ ಹರಿಯದಾಗ ಮೀಟರ್ ಸೊನ್ನೆ ತೋರಿಸುವಂತೆ ಹೊಂದಿಸಿ. 0.05 ಆಂಪಿಯರ್ ತಪ್ಪು ಉಳಿದರೂ ದಿನಕ್ಕೆ 1.2 ಆಂಪಿಯರ್ ಅವರ್. 100ರ ಬ್ಯಾಟರಿಯಲ್ಲಿ ಹತ್ತು ದಿನಕ್ಕೆ 12 ಪರ್ಸೆಂಟ್ ಸುಳ್ಳು. ಸೋಲಾರ್ ಮೇಲೇ ನಡೆಸುವವರು ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಬೆಸ್ಕಾಂ ಕರೆಂಟಿನಲ್ಲಿ ಪೂರ್ತಿ ತುಂಬಿಸಿ ಮೀಟರನ್ನು ನೂರಕ್ಕೆ ತರಬೇಕು.