ಡ್ರಿಪ್ ಕಾಫಿ ಮಷೀನ್: ಎಲಿಮೆಂಟ್ ವೀಕ್ ಆಗಿರ್ಲಿಲ್ಲ, ವಾಲ್ವ್ ಕಚ್ಕೊಂಡಿತ್ತು (ನನ್ನ ಅನುಭವ)

ಎಲ್ರೂ ಬಿಸಾಕು ಅಂದಿದ್ದ ಮಷೀನು ಈಗ 1.2 ಲೀಟರ್ ನೀರನ್ನ ಎಂಟು ಎಂಟೂವರೆ ನಿಮಿಷದಲ್ಲಿ ಇಳಿಸ್ತಾ ಇದೆ, ಅದೂ ಹೊಸ ಹೀಟಿಂಗ್ ಎಲಿಮೆಂಟ್ ಹಾಕದೆ. ಇದೇ ತೊಂದ್ರೆ ಇರೋರು ಬಹಳ ಜನ ಇದ್ದಾರೆ, ಹೆಚ್ಚಿನವರು ಹೊಸದು ತಗೊಂಡು ಸುಮ್ನಾಗ್ತಾರೆ, ಅದಕ್ಕೇ ಬರೀತಿದೀನಿ.

ನನ್ನ ಮಷೀನಿಗೆ ಆಗ್ತಿದ್ದಿದ್ದು ಇಷ್ಟು. ಸ್ವಿಚ್ ಹಾಕಿದ್ ತಕ್ಷಣ ಗೊರಗೊರ ಅಂತ ಜೋರು ಶಬ್ದ, ಮೇಲಿಂದ ಸಿಕ್ಕಾಪಟ್ಟೆ ಹಬೆ, ಆದ್ರೆ ಕಾಫಿ ಪುಡಿ ಹಾಕೋ ಬುಟ್ಟಿಗೆ ಬೀಳೋ ನೀರು ಮಾತ್ರ ತೊಟ್ಟು ತೊಟ್ಟು, ಮಧ್ಯೆ ಮಧ್ಯೆ ಟ್ಯಾಂಕಿನೊಳಗೇ ಗುಳ್ಳೆ ಏಳೋದು. ಒಂದು ಟ್ಯಾಂಕ್ ಮುಗಿಯೋಕೆ ಇಪ್ಪತ್ತು ನಿಮಿಷದ ಮೇಲೆ ಹಿಡೀತಿತ್ತು, ಕೊನೆಗೆ ಒಂದಿಷ್ಟು ನೀರು ತಳದಲ್ಲೇ ಉಳೀತಿತ್ತು. ರಿಪೇರಿಯವರು ನೋಡಿ "ಎಲಿಮೆಂಟ್ ವೀಕ್ ಆಗಿದೆ ಸಾರ್, ಇಡೀ ಸೆಟ್ಟೇ ಬದಲಾಯಿಸ್ಬೇಕು" ಅಂದ್ರು, ಅವರು ಹೇಳಿದ ರೇಟು ಹೊಸ ಮಷೀನಿನ ಮುಕ್ಕಾಲು ಪಾಲು. ನಮ್ಮ ಭಾವ ಅಂತೂ "ಅಷ್ಟು ದುಡ್ಡು ಅದಕ್ಕೆ ಸುರಿಯೋ ಬದ್ಲು ಹೊಸದೇ ತಗೋ ಮಾರಾಯ" ಅಂತ ಸಿಕ್ಕಾಗೆಲ್ಲ ಹೇಳೋರು.

ನಂಗೆ ಮೊದ್ಲಿಂದಲೂ ಈ "ಎಲಿಮೆಂಟ್ ವೀಕ್" ಅನ್ನೋ ಮಾತಿನ ಮೇಲೆ ನಂಬಿಕೆ ಇಲ್ಲ. ಬ್ಯಾಟರಿ ವೀಕ್ ಆಗ್ಬಹುದು, ಮೋಟಾರ್ ವೀಕ್ ಆಗ್ಬಹುದು, ಹೀಟಿಂಗ್ ಎಲಿಮೆಂಟ್ ಸಾಮಾನ್ಯವಾಗಿ ಇದ್ರೆ ಇರತ್ತೆ, ಹೋದ್ರೆ ಪೂರ್ತಿ ಹೋಗತ್ತೆ. ಪ್ಲಗ್ ಕಿತ್ತು ಮಲ್ಟಿಮೀಟರ್ ಇಟ್ಟೆ, 58 ಓಮ್ ಹತ್ರ ಬಂತು. 230 ವೋಲ್ಟಿನ 900 ವಾಟ್ ಮಷೀನಿಗೆ ಲೆಕ್ಕದ ಪ್ರಕಾರ 59 ಬರ್ಬೇಕು. ಅಂದ್ರೆ ಎಲಿಮೆಂಟ್ ಗಟ್ಟಿಮುಟ್ಟಾಗಿದೆ. 900 ವಾಟ್ ಪೂರ್ತಿ ನೀರಿಗೇ ಹೋದ್ರೆ 1.2 ಲೀಟರನ್ನ 25 ಡಿಗ್ರಿಯಿಂದ 95ಕ್ಕೆ ತರೋಕೆ ಆರೂವರೆ ನಿಮಿಷ ಸಾಕು, ಹಬೆಗೆ ಹೋಗಿದ್ದು ಅಲ್ಲಿ ಇಲ್ಲಿ ಹೋಗಿದ್ದು ಸೇರಿಸಿದ್ರೂ ಒಂಬತ್ತು ನಿಮಿಷ ದಾಟಬಾರದು. ಉಳಿದ ಟೈಮಲ್ಲಿ ಕರೆಂಟು ಏನ್ ಮಾಡ್ತಿತ್ತು? ಮಷೀನಿನ ಪಕ್ಕ ಕಿವಿ ಇಟ್ಟು ಕೂತೆ. ಒಂದೆರಡು ನಿಮಿಷಕ್ಕೊಂದ್ಸಲ ಸಣ್ಣಗೆ "ಟಿಕ್" ಅನ್ನತ್ತೆ, ಶಬ್ದ ನಿಲ್ಲತ್ತೆ, ಸ್ವಲ್ಪ ಹೊತ್ತಾದ್ಮೇಲೆ ಮತ್ತೆ "ಟಿಕ್", ಮತ್ತೆ ಗೊರಗೊರ. ಥರ್ಮೋಸ್ಟಾಟು ಪದೇ ಪದೇ ಕಟ್ ಮಾಡ್ತಿತ್ತು. ನೀರು ಕಾಯೋ ಟ್ಯೂಬಿನ ಒಳಗೋಡೆಗೆ ಸುಣ್ಣ ಕಟ್ಟಿ ಶಾಖ ನೀರಿಗೆ ದಾಟ್ತಿಲ್ಲ, ಜೊತೆಗೆ ನೀರೂ ಸರಿಯಾಗಿ ಒಳಗೆ ಬರ್ತಿಲ್ಲ, ಲೋಹ ಕಾದು ಕೆಂಡ ಆದಾಗ ಥರ್ಮೋಸ್ಟಾಟ್ ಆಫ್ ಮಾಡತ್ತೆ. ಇಷ್ಟು ಗೊತ್ತಾದ್ಮೇಲೆ ರಿಪೇರಿಯವರ ಮಾತು ಕೇಳೋ ಪ್ರಶ್ನೇನೇ ಬರ್ಲಿಲ್ಲ.

ಸುಣ್ಣ ತೆಗೆಯೋಕೆ ಎಲ್ರೂ ಹೇಳೋ ದಾರೀಲೇ ಶುರು ಮಾಡಿದ್ದೆ, ಅಲ್ಲೇ ದುಡ್ಡು ಹೋಗಿದ್ದು. ವಿನೆಗರ್ ಅರ್ಧ ನೀರು ಅರ್ಧ ಹಾಕಿ ಪೂರ್ತಿ ಒಂದು ರೌಂಡ್ ಓಡಿಸೋದು, ಬಾಟ್ಲಿ ಮೇಲೆ ಬಾಟ್ಲಿ ಖಾಲಿ ಆಯ್ತು, ಮನೆಯೆಲ್ಲ ಹುಳಿ ವಾಸನೆ, ಕಾಫಿಗೂ ಆ ವಾಸನೆ ಬಹಳ ದಿನ ಬಿಡ್ಲಿಲ್ಲ, ಸ್ಪೀಡ್ ಮಾತ್ರ ಎರಡು ಮೂರು ನಿಮಿಷ ಸುಧಾರಿಸಿತ್ತು ಅಷ್ಟೇ. ಆಮೇಲೆ ರೆಡಿಮೇಡ್ ಡಿಸ್ಕೇಲರ್ ಪುಡಿ ತಂದೆ. ಅದ್ರ ಒಂದು ಸಣ್ಣ ಪೊಟ್ಟಣದ ಬೆಲೆಗೆ ಬರೀ ಸಿಟ್ರಿಕ್ ಆಸಿಡ್ ಆಗಿದ್ರೆ ಒಂದು ವರ್ಷಕ್ಕೆ ಆಗೋವಷ್ಟು ಬರತ್ತೆ, ಪೊಟ್ಟಣದ ಹಿಂದೆ ಓದಿದ್ರೆ ಒಳಗಿರೋದೂ ಮುಖ್ಯವಾಗಿ ಅದೇ. ಅದನ್ನೂ ಪೂರ್ತಿ ರೌಂಡ್ ಓಡಿಸಿ ನೋಡಿದೆ, ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ರಾಗ.

ಇಲ್ಲಿ ವಿಷ್ಯ ಏನಂದ್ರೆ, ಓಡಿಸೋದ್ರಲ್ಲೇ ತಪ್ಪಿದೆ. ಓಡಿಸಿದ್ರೆ ಆಸಿಡ್ ಟ್ಯೂಬಿನಲ್ಲಿ ಇರೋದೇ ಆ ಒಂದು ರೌಂಡ್ ಮುಗಿಯೋವರ್ಗೆ, ದಪ್ಪಗೆ ಕಟ್ಟಿದ ಸುಣ್ಣ ಪೂರ್ತಿ ಕರಗೋಕೆ ಟೈಮ್ ಸಾಲಲ್ಲ. ಅದ್ರ ಮೇಲೆ ಸಿಟ್ರಿಕ್ ಆಸಿಡ್‌ನ ದಪ್ಪಗೆ ಕಲಸಿ ಕುದಿಸಿದ್ರೆ ಕರಗಿದ ಸುಣ್ಣ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಬಿಳಿ ಪುಡಿ ಥರ ಅಲ್ಲೇ ಕೂತ್ಬಿಡತ್ತೆ, ಅದು ಬಿಸಿ ಹೆಚ್ಚಾದಷ್ಟೂ ಕಮ್ಮಿ ಕರಗತ್ತೆ. ಅಂದ್ರೆ ಒಂದು ಪದರ ತೆಗೆಯೋಕೆ ಹೋಗಿ ಇನ್ನೊಂದು ಪದರ.

ಹಾಗಾಗಿ ನಾನು ಓಡಿಸೋದು ಬಿಟ್ಟು ನೆನೆಸೋಕೆ ಶುರು ಮಾಡಿದೆ. ಈ ಮಷೀನಲ್ಲಿ ಪಂಪ್ ಇಲ್ಲ, ಟ್ಯಾಂಕಲ್ಲಿ ನೀರು ಎಷ್ಟು ಎತ್ತರಕ್ಕಿದ್ಯೋ ಟ್ಯೂಬಲ್ಲೂ ಅಷ್ಟೇ ಎತ್ತರಕ್ಕೆ ತಾನಾಗೇ ತುಂಬ್ಕೊಳತ್ತೆ, ಸ್ವಿಚ್ಚೇ ಬೇಡ. ಒಂದು ಲೀಟರಿಗೆ ಎರಡು ಟೇಬಲ್ ಸ್ಪೂನ್ ಹತ್ರ ಸಿಟ್ರಿಕ್ ಆಸಿಡ್, ಟ್ಯಾಂಕ್ ಪೂರ್ತಿ ತುಂಬಿಸಿ, ಸ್ವಿಚ್ ಹಾಕಿ ಜಗ್ ಇಡೋ ಪ್ಲೇಟ್ ಕೈಗೆ ಬೆಚ್ಚಗೆ ಅನ್ನಿಸಿದ ಕೂಡ್ಲೇ ಆಫ್. ಕುದಿ ಶಬ್ದ ಬರೋಕೆ ಬಿಡ್ಬಾರ್ದು. ಅರ್ಧ ಗಂಟೆ ಬಿಟ್ಟು ಮತ್ತೆ ಬೆಚ್ಚಗೆ ಮಾಡಿ ಆಫ್, ಹೀಗೆ ಒಂದೆರಡು ಗಂಟೆ, ಆಮೇಲೆ ಆ ನೀರು ಚೆಲ್ಲಿ ಹೊಸದು. ಟ್ಯೂಬು ಅಲ್ಯೂಮಿನಿಯಂದು, ರಾತ್ರಿಯಿಡೀ ಆಸಿಡ್ ಬಿಟ್ರೆ ಅದನ್ನೂ ತಿನ್ನತ್ತೆ, ಹಾಗಾಗಿ ಹಗಲಲ್ಲೇ ಮುಗಿಸಿ. ಬಾತ್‌ರೂಮ್ ತೊಳೆಯೋ ಆಸಿಡ್ ಹಾಕೋ ಐಡಿಯಾ ಕೊಡೋರಿದ್ದಾರೆ, ದಯವಿಟ್ಟು ಬೇಡ, ಅದ್ರಲ್ಲಿ ನೀವು ಕುಡಿಯೋ ಕಾಫಿ ಇಳಿಯತ್ತೆ. ಎರಡನೇ ಸಲ ಚೆಲ್ಲೋವಾಗ ನೀರಿನ ಜೊತೆ ಉಗುರಿನ ಚೂರಿನಂಥ ಬಿಳಿ ಬಿಳಿ ಪದರಗಳು ಬಂದ್ವು, ಆಗ ಗೊತ್ತಾಯ್ತು ಗೆದ್ದೆ ಅಂತ.

ಸ್ಪೀಡು ಹನ್ನೆರಡು ನಿಮಿಷಕ್ಕೆ ಬಂತು. ಆದ್ರೆ ಟ್ಯಾಂಕಲ್ಲಿ ಗುಳ್ಳೆ ಏಳೋದು ನಿಲ್ಲಲಿಲ್ಲ. ಗುಳ್ಳೆ ಹಿಂದಕ್ಕೆ ಬರ್ತಿದೆ ಅಂದ್ರೆ ಒನ್ ವೇ ವಾಲ್ವ್ ಮುಚ್ಕೊಳ್ತಿಲ್ಲ ಅಂತಲೇ ಅರ್ಥ, ಇದ್ರಲ್ಲಿ ಬೇರೆ ಯೋಚನೆ ಬೇಡ. ನೀರು ಕುದ್ದಾಗ ಆ ವಾಲ್ವ್ ಹಿಂದಿನ ದಾರಿ ಮುಚ್ಚಿದ್ರೆ ಮಾತ್ರ ಗುಳ್ಳೆ ನೀರನ್ನ ಮೇಲಕ್ಕೆ ತಳ್ಳತ್ತೆ.

ಪ್ಲಗ್ ಕಿತ್ತು, ಪೂರ್ತಿ ಆರೋಕೆ ಬಿಟ್ಟು, ನೀರು ಚೆಲ್ಲಿ, ತಲೆಕೆಳಗೆ ಮಾಡಿ ತಳ ಬಿಚ್ಚಿದೆ. ಸ್ಕ್ರೂಗಳಲ್ಲಿ ಒಂದಕ್ಕೆ ಬೇರೆ ಥರ ತಲೆ ಇರತ್ತೆ, ಮಾಮೂಲಿ ಸ್ಕ್ರೂಡ್ರೈವರ್ ಹಿಡಿಯಲ್ಲ, ಅದಕ್ಕೆ ನಾನು ಏನು ಬಳಸಿದೆ ಅನ್ನೋದು ನನ್ನ ಹತ್ರಾನೇ ಇರ್ಲಿ, ಟೂಲ್ ಬಾಕ್ಸ್ ಇರೋರಿಗೆ ಹೊಳೆಯತ್ತೆ. ಒಳಗೆ ಕುದುರೆ ಲಾಳದಂಗೆ ಬಗ್ಗಿಸಿದ ಟ್ಯೂಬು, ಅದ್ರ ಎರಡು ತುದಿಗೂ ಸಿಲಿಕಾನ್ ಪೈಪು. ಟ್ಯಾಂಕಿನ ಕಡೆಯ ಪೈಪನ್ನ ಕ್ಲಿಪ್ ಸರಿಸಿ ಎಳೆದೆ, ಒಳಗೆ ವಾಲ್ವು ಸಿಕ್ತು: ಸಣ್ಣ ಪ್ಲಾಸ್ಟಿಕ್ ಗೂಡು, ಅದ್ರಲ್ಲಿ ಒಂದು ಬಿಳಿ ಗುಂಡು. ಅಲ್ಲಾಡಿಸಿದ್ರೆ ಟಕಟಕ ಅನ್ಬೇಕು, ಅನ್ನಲಿಲ್ಲ. ಗುಂಡಿನ ಒಂದು ಪಕ್ಕಕ್ಕೆ ಕಂದು ಬಣ್ಣದ ಜಿಗುಟು, ಅದ್ರ ಮೇಲೆ ಮರಳಿನಂಥ ಸುಣ್ಣದ ಕಾಳು ಅಂಟಿ ಗೂಡಿನ ಗೋಡೆಗೆ ಕಚ್ಕೊಂಡಿತ್ತು. ನಾನು ಊಹಿಸಿದ್ದೇನೆಂದ್ರೆ, ಕಿತ್ಕೊಂಡ ಸುಣ್ಣದ ಚೂರೇ ಇಲ್ಲಿ ಬಂದು ಸಿಕ್ಕಿಹಾಕ್ಕೊಂಡಿರೋದು. ಬೆಚ್ಚಗಿನ ಸಿಟ್ರಿಕ್ ನೀರಲ್ಲಿ ನೆನೆಸಿ ಹಳೇ ಟೂತ್ ಬ್ರಷ್ಷಲ್ಲಿ ಉಜ್ಜಿದೆ. ಸೂಜಿ, ಪಿನ್ನು ಹಾಕಿ ಕೆರೆಯಬೇಡಿ, ಗುಂಡು ಕೂರೋ ಜಾಗದಲ್ಲಿ ಗೀರು ಬಿದ್ರೆ ಆಮೇಲೆ ಯಾವತ್ತೂ ಸರಿಯಾಗಿ ಮುಚ್ಚಲ್ಲ. ಬಾಯಲ್ಲಿ ಊದಿ ನೋಡಿ, ಒಂದು ಕಡೆಯಿಂದ ಗಾಳಿ ಹೋಗ್ಬೇಕು ಇನ್ನೊಂದು ಕಡೆಯಿಂದ ಹೋಗಬಾರದು.

ಮತ್ತೆ ಜೋಡಿಸಿ ಸ್ವಿಚ್ ಹಾಕಿದೆ. ಎಂಟೂವರೆ ನಿಮಿಷ. ಮುಗಿಯೋವರ್ಗೂ ಟಿಕ್ ಶಬ್ದ ಬರ್ಲಿಲ್ಲ, ಟ್ಯಾಂಕಲ್ಲಿ ಗುಳ್ಳೆ ಇಲ್ಲ. ಒಟ್ಟು ಖರ್ಚಲ್ಲಿ ಕೆಲಸಕ್ಕೆ ಬಂದಿದ್ದು ಸಿಟ್ರಿಕ್ ಆಸಿಡಿಗೆ ಕೊಟ್ಟಿದ್ದು ಮಾತ್ರ, ಅದು ರಿಪೇರಿಯವರು ಹೇಳಿದ್ರಲ್ಲಿ ನೂರಕ್ಕೆ ಎರಡು ಭಾಗಾನೂ ಇಲ್ಲ. ಭಾವ ಬಂದು ಸ್ಟಾಪ್‌ವಾಚ್ ಹಿಡ್ಕೊಂಡು ನೋಡಿದ್ರು, ಮುಂದಿನ ಭಾನುವಾರ ತಮ್ಮ ಮಷೀನನ್ನೇ ತಂದು ಟೇಬಲ್ ಮೇಲಿಟ್ರು.

ಅವರದ್ದು ಬೇರೆ ಕೇಸು. ಸ್ವಿಚ್ ಹಾಕಿದ್ರೆ ಲೈಟ್ ಉರಿಯತ್ತೆ, ಬಿಸಿಯೇ ಇಲ್ಲ. ಇಂಥದ್ರಲ್ಲಿ ಮೊದ್ಲು ನೋಡ್ಬೇಕಾಗಿರೋದು ಥರ್ಮಲ್ ಫ್ಯೂಸು (ಬಿಸಿ ಮಿತಿ ಮೀರಿದ್ರೆ ಕರೆಂಟ್ ಕಡಿಯೋ ಫ್ಯೂಸು), ಬಿಳಿ ಕವಚದೊಳಗೆ ಟ್ಯೂಬಿಗೆ ಒತ್ಕೊಂಡು ಕೂತಿರತ್ತೆ, ಸಾಮಾನ್ಯವಾಗಿ ಎರಡಿರತ್ತೆ. ಮೀಟರಲ್ಲಿ ನೋಡಿದ್ರೆ ಎರಡರಲ್ಲಿ ಒಂದು ಬೀಪ್ ಅನ್ಲಿಲ್ಲ, ಅಂದ್ರೆ ಅದು ಹೋಗಿದೆ. ಅದ್ರ ಮೈಮೇಲೆ ಬರ್ದಿರೋ ಡಿಗ್ರಿ ಮತ್ತು ಆಂಪಿಯರ್ ನೋಡಿ ಅದೇ ನಂಬರಿನದ್ದು ಹಾಕಿದೆ. ಸೋಲ್ಡರ್ ಮಾಡೋಕೆ ಹೋದ್ರೆ ಆ ಬಿಸಿಗೇ ಹೊಸ ಫ್ಯೂಸ್ ಹೋಗತ್ತೆ, ಕ್ರಿಂಪ್ ಮಾಡ್ಬೇಕು (ಲೋಹದ ಕೊಳವೆಯಲ್ಲಿ ಎರಡು ತುದಿ ಇಟ್ಟು ಒತ್ತಿ ಜೋಡಿಸೋದು). ಫ್ಯೂಸ್ ತೆಗ್ದು ನೇರ ವೈರ್ ಕೊಡೋರನ್ನ ನೋಡಿದೀನಿ, ಮನೆಗೆ ಬೆಂಕಿ ಬೀಳೋ ಕೆಲಸ ಅದು, ಯಾರು ಹೇಳಿದ್ರೂ ಮಾಡ್ಬೇಡಿ.

ಬುಟ್ಟಿ ತುಂಬಿ ಪುಡಿ ಹೊರಗೆ ಚೆಲ್ಲೋದಕ್ಕೆ ಮಷೀನ್ ಬಿಚ್ಚೋದೇ ಬೇಡ. ಬುಟ್ಟಿ ತಳದ ಸ್ಪ್ರಿಂಗ್ ವಾಲ್ವಲ್ಲಿ ಪುಡಿ ಸಿಕ್ಕಿರತ್ತೆ, ಇಲ್ಲಾ ಜಗ್ಗಿನ ಮುಚ್ಚಳ ಸರಿಯಾಗಿ ಕೂತಿರಲ್ಲ, ಇಲ್ಲಾ ಪೇಪರ್ ಮಡಚಿಕೊಂಡಿರತ್ತೆ. ಮೂರೂ ಸರಿ ಇದ್ರೆ ಪುಡಿ ಜಾಸ್ತಿ ನುಣ್ಣಗಿದೆ ಅಂತ ಲೆಕ್ಕ.

ಮಷೀನ್ ಸರಿಯಾದ ಮೇಲೆ ಸುಮ್ನೆ ಕೂರೋಕಾಗ್ಲಿಲ್ಲ, ಬುಟ್ಟಿಗೆ ಬೀಳೋ ನೀರಿಗೆ ಥರ್ಮಾಮೀಟರ್ ಇಟ್ಟೆ. 92ರಿಂದ 96 ಡಿಗ್ರಿ ಇರ್ಬೇಕು ಅಂತಾರಲ್ಲ, ನನ್ನದ್ರಲ್ಲಿ ಮೊದಲ ಅರ್ಧ ನಿಮಿಷ 75ರ ಆಸುಪಾಸು, ಆಮೇಲೆ ಏರ್ತಾ ಏರ್ತಾ 92 ಮುಟ್ಟತ್ತೆ. ಎರಡೇ ಕಪ್ ಮಾಡಿದ್ರೆ ಬಿಸಿ ಏರೋಷ್ಟರಲ್ಲಿ ನೀರೇ ಖಾಲಿ, ಕಾಫಿ ನೀರು ನೀರಾಗಿರೋಕೆ ಇದೇ ಕಾರಣ, ಹಾಗಾಗಿ ಈಗ ಅರ್ಧ ಟ್ಯಾಂಕಿಗಿಂತ ಕಮ್ಮಿ ಮಾಡೋದೇ ಇಲ್ಲ. ಪುಡಿ ಲೀಟರಿಗೆ 55 ಗ್ರಾಂ, ಅದ್ರಲ್ಲಿ ಬದಲಾವಣೆ ಇಲ್ಲ. ಇನ್ನೊಂದು ಪ್ರಯೋಗ, ಪುಡಿ ಪೂರ್ತಿ ಒದ್ದೆ ಆದ ಕೂಡ್ಲೇ ಸ್ವಿಚ್ ಆಫ್ ಮಾಡಿ ಒಂದು ನಲವತ್ತು ಸೆಕೆಂಡ್ ಬಿಟ್ಟು ಮತ್ತೆ ಆನ್. ತಾಜಾ ಪುಡಿ ಆದ್ರೆ ಗ್ಯಾಸ್ ಹೊರಗೆ ಹೋಗಿ ಉಬ್ಬೋದು ಇಳಿಯತ್ತೆ, ರುಚಿಯಲ್ಲೂ ವ್ಯತ್ಯಾಸ ಗೊತ್ತಾಗತ್ತೆ. ಆಫ್ ಮಾಡಿದಾಗ ಬುಟ್ಟಿಗೆ ನಾನು ಇನ್ನೊಂದು ಕೆಲಸ ಮಾಡ್ತೀನಿ, ಅದನ್ನ ಇನ್ನೂ ಸ್ವಲ್ಪ ದಿನ ನೋಡಿ ಆಮೇಲೆ ಹೇಳ್ತೀನಿ. ಇಳಿದ ಕಾಫಿನ ಪ್ಲೇಟ್ ಮೇಲೆ ಬಿಡೋದು ನಿಲ್ಸಿ ನೇರ ಫ್ಲಾಸ್ಕಿಗೆ ಹಾಕ್ತೀನಿ, ಅರ್ಧ ಗಂಟೆ ಪ್ಲೇಟ್ ಮೇಲೆ ಕೂತ ಕಾಫಿಯ ಕಹಿ ನಂಗೆ ಸಹಿಸೋಕಾಗಲ್ಲ.

ಈಗ ಸುಣ್ಣಕ್ಕೆ ತಿಂಗಳ ಲೆಕ್ಕ ಇಟ್ಕೊಂಡಿಲ್ಲ, ಆಗಾಗ ಟೈಮ್ ನೋಡ್ತೀನಿ. ತುಂಬಿದ ಟ್ಯಾಂಕು ಹತ್ತು ನಿಮಿಷ ದಾಟಿದ್ರೆ ಆ ವಾರ ನೆನೆಸೋದು, ಆಮೇಲೆ ಬರೀ ನೀರಲ್ಲಿ ಎರಡು ಮೂರು ರೌಂಡ್ ಓಡಿಸಿ ತೊಳೆಯೋದು. ಗಡಸು ನೀರು ಇರೋರಿಗೆ ಇದು ಬೇಗ ಬೇಗ ಬರತ್ತೆ.