ಜಿಲ್ಲಾ ನ್ಯಾಯಾಧೀಶ ಎಂದು ಬರೆದು ಹೊಡೆದುಹಾಕಿದೆ

ಇಪ್ಪತ್ತಾರು ವರ್ಷ ನ್ಯಾಯಾಲಯದಲ್ಲಿ ಭಾಷಾಂತರಕಾರನಾಗಿದ್ದೆ. ಸಾಕ್ಷಿಗಳ ಹೇಳಿಕೆ, ಮಹಜರು, ತೀರ್ಪು ಎಲ್ಲವೂ ಕೈಯಲ್ಲಿ ಪಳಗಿದ್ದವು. ಹಾಗಾಗಿ ನಿವೃತ್ತಿಯಾದ ಮೇಲೆ ಮಾಸಪತ್ರಿಕೆಯೊಂದರ ಸಂಪಾದಕರು ಅಮೆರಿಕದ ನ್ಯಾಯಾಧೀಶ ಐಸಾಕ್ ಪಾರ್ಕರ್ ಬಗ್ಗೆ ಎಂಟು ಪುಟ ಬರೆದುಕೊಡಿ ಎಂದಾಗ, ವಾರದಲ್ಲಿ ಮುಗಿಸುತ್ತೇನೆ ಎಂದುಬಿಟ್ಟೆ. ಹಿಡಿದದ್ದು ಮೂರು ತಿಂಗಳು.

ಬದುಕಿನ ವಿವರ ಬರೆಯಲು ತೊಂದರೆಯಾಗಲಿಲ್ಲ. 1838ರಲ್ಲಿ ಒಹಾಯೊದಲ್ಲಿ ಜನನ, ಮಿಸೌರಿಯ ಸೇಂಟ್ ಜೋಸೆಫ್‌ನಲ್ಲಿ ವಕೀಲಿ, ಎರಡು ಅವಧಿಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯತ್ವ. 1875ರಲ್ಲಿ ಅಧ್ಯಕ್ಷ ಗ್ರಾಂಟ್ ಅವರಿಂದ ಅರ್ಕನ್ಸಾ ರಾಜ್ಯದ ಪಶ್ಚಿಮ ಜಿಲ್ಲೆಗೆ ನೇಮಕ. ಆಗ ವಯಸ್ಸು 36. ಹಿಂದಿದ್ದವರು ಭ್ರಷ್ಟಾಚಾರದ ಆರೋಪದ ನಡುವೆ ರಾಜೀನಾಮೆ ಕೊಟ್ಟು ಹೋಗಿದ್ದರು. ಫೋರ್ಟ್ ಸ್ಮಿತ್‌ನಲ್ಲಿ ಸೈನಿಕರು ಬಿಟ್ಟುಹೋದ ಹಳೆಯ ಕಟ್ಟಡವೇ ನ್ಯಾಯಾಲಯ. ಅದರ ನೆಲಮಾಳಿಗೆಯೇ ಜೈಲು.

ಎಡವಿದ್ದು ಹುದ್ದೆಯ ಹೆಸರಿನಲ್ಲಿ. ಅಭ್ಯಾಸಬಲದಿಂದ ‘ಜಿಲ್ಲಾ ನ್ಯಾಯಾಧೀಶ’ ಎಂದು ಬರೆದೆ. ಓದಿದರೆ ಕಣ್ಣಿಗೆ ಕಟ್ಟುವುದು ನಮ್ಮ ತಾಲ್ಲೂಕು, ಜಿಲ್ಲೆ, ವರ್ಗಾವಣೆ ಆದೇಶ. ಪಾರ್ಕರ್ ಅವರದು ಕೇಂದ್ರ ಸರ್ಕಾರದ ನ್ಯಾಯಾಲಯ, ನೇಮಕ ಆಜೀವ. ಅರ್ಕನ್ಸಾದ ಪಶ್ಚಿಮ ಭಾಗದ ಜೊತೆಗೆ ಚೆರೋಕಿ, ಚಾಕ್ಟಾ, ಕ್ರೀಕ್ ಮೊದಲಾದ ಮೂಲನಿವಾಸಿಗಳ ನಾಡೂ ಅವರ ವ್ಯಾಪ್ತಿಗೆ ಸೇರಿತ್ತು. ಆ ಜನಾಂಗಗಳಿಗೆ ತಮ್ಮದೇ ನ್ಯಾಯಾಲಯಗಳಿದ್ದವು, ಆದರೆ ಹೊರಗಿನವರು ಸೇರಿಕೊಂಡ ಅಪರಾಧಗಳನ್ನು ಅವು ವಿಚಾರಣೆ ಮಾಡುವಂತಿರಲಿಲ್ಲ. ಅಂಥ ಪ್ರಕರಣಗಳು ಫೋರ್ಟ್ ಸ್ಮಿತ್‌ಗೆ ಬರುತ್ತಿದ್ದವು. ಕೊನೆಗೆ ‘ಫೆಡರಲ್ ನ್ಯಾಯಾಧೀಶ’ ಎಂದೇ ಉಳಿಸಿಕೊಂಡೆ. ಮೂಲನಿವಾಸಿಗಳ ನಾಡಿನ ಇಂಗ್ಲಿಷ್ ಹೆಸರಾದ ‘ಇಂಡಿಯನ್ ಟೆರಿಟರಿ’ಯನ್ನೂ ಹಾಗೇ ಬಿಡಲಾಗಲಿಲ್ಲ, ಅದು ನಮ್ಮದೇ ದೇಶದ ಯಾವುದೋ ಭಾಗದಂತೆ ಕೇಳಿಸುತ್ತಿತ್ತು.

ಮೊದಲ ಕರಡು ಗಲ್ಲುಗಂಬದಿಂದಲೇ ಶುರುವಾಗಿತ್ತು. 1875ರ ಸೆಪ್ಟೆಂಬರ್ 3ರಂದು ಒಂದೇ ಗಲ್ಲುಗಂಬದಲ್ಲಿ ಒಟ್ಟಿಗೆ ಆರು ಮಂದಿಗೆ ಗಲ್ಲು. ಇಪ್ಪತ್ತೊಂದು ವರ್ಷಗಳಲ್ಲಿ ಮರಣದಂಡನೆ ವಿಧಿಸಿದ್ದು 160 ಮಂದಿಗೆ, ನೇಣಿಗೇರಿದವರು 79. ಓದುಗರನ್ನು ಹಿಡಿದು ಕೂರಿಸಲು ಇಷ್ಟು ಸಾಕು, ಎಲ್ಲರೂ ಮಾಡುವುದೂ ಇದನ್ನೇ. ನನ್ನನ್ನು ತಡೆದದ್ದು ಒಂದು ವೃತ್ತಿಸಹಜ ಪ್ರಶ್ನೆ: ಮೇಲ್ಮನವಿ ಎಲ್ಲಿ? ನಮ್ಮಲ್ಲಿ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿದರೆ ಹೈಕೋರ್ಟ್ ದೃಢೀಕರಿಸುವ ತನಕ ಜಾರಿಯಾಗುವುದಿಲ್ಲ. ಫೋರ್ಟ್ ಸ್ಮಿತ್‌ನಲ್ಲಿ 1889ರವರೆಗೆ ಮೇಲ್ಮನವಿಯೇ ಇರಲಿಲ್ಲ. ಉಳಿದಿದ್ದ ಬಾಗಿಲು ಅಧ್ಯಕ್ಷರ ಕ್ಷಮಾದಾನ ಒಂದೇ. ಆ ವರ್ಷ ಕಾಂಗ್ರೆಸ್ ಮರಣದಂಡನೆಯ ಪ್ರಕರಣಗಳನ್ನು ಸುಪ್ರೀಂ ಕೋರ್ಟ್‌ಗೆ ಒಯ್ಯಲು ಅವಕಾಶ ಕೊಟ್ಟಿತು, ಹೋದ ಪ್ರಕರಣಗಳಲ್ಲಿ ಹೆಚ್ಚಿನವು ರದ್ದಾಗಿ ಬಂದವು. ಗಲ್ಲಿನ ಲೆಕ್ಕವನ್ನು ಎರಡು ಸಾಲಿಗೆ ಇಳಿಸಿ, ಆ ರದ್ದತಿಯ ತೀರ್ಪುಗಳನ್ನು ಓದುತ್ತಾ ಕುಳಿತೆ.

ಪಾರ್ಕರ್ ಅವರ ದನಿ ನನಗೆ ಕೇಳಿಸಿದ್ದು ಅಲ್ಲೇ. ಅವರ ತಪ್ಪು ತೋರಿಸಲೆಂದು ಸುಪ್ರೀಂ ಕೋರ್ಟ್ ಅವರ ಮಾತುಗಳನ್ನು ಪುಟಗಟ್ಟಲೆ ಉದ್ಧರಿಸಿತ್ತು. ಅಮೆರಿಕದಲ್ಲಿ ವಿಚಾರಣೆಯ ಕೊನೆಗೆ ನ್ಯಾಯಾಧೀಶರು ಜ್ಯೂರಿಗೆ, ಎಂದರೆ ಆರೋಪಿ ತಪ್ಪಿತಸ್ಥನೇ ಎಂದು ಒಮ್ಮತದಿಂದ ತೀರ್ಮಾನಿಸಬೇಕಾದ ಹನ್ನೆರಡು ಮಂದಿ ನಾಗರಿಕರಿಗೆ, ಕಾನೂನು ವಿವರಿಸುತ್ತಾರೆ, ಅದಕ್ಕೆ ಅವರು ‘ಚಾರ್ಜ್’ ಎನ್ನುತ್ತಾರೆ. ಇಲ್ಲಿ ನನ್ನ ಮಾನ ಹೋಗುವ ಒಂದು ಸಂಗತಿ ಹೇಳಬೇಕು. ದೋಷಾರೋಪಣೆ ಪಟ್ಟಿಗಳನ್ನು ಅನುವಾದಿಸಿ ಅನುವಾದಿಸಿ ಕೈ ಹೊರಳಿದ್ದರಿಂದ, ಮೊದಲ ಕರಡಿನಲ್ಲಿ ‘ನ್ಯಾಯಾಧೀಶರು ಜ್ಯೂರಿಯ ಮೇಲೆ ಆರೋಪ ಹೊರಿಸಿದರು’ ಎಂದು ಬರೆದಿದ್ದೆ! ಹನ್ನೆರಡು ಮಂದಿ ಅಮಾಯಕರನ್ನು ಕಟಕಟೆಗೆ ಹತ್ತಿಸಿದಂತಾಗಿತ್ತು. ‘ಜ್ಯೂರಿ’ಗೆ ‘ಪಂಚರು’ ಎಂದು ಹಾಕಿದ್ದೂ ನಿಲ್ಲಲಿಲ್ಲ. ನಮ್ಮಲ್ಲಿ ಪಂಚರೆಂದರೆ ಮಹಜರಿಗೆ ರುಜು ಹಾಕುವವರು.

ಹೆನ್ರಿ ಸ್ಟಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಪ್ಪು ಕಂಡದ್ದು ಜ್ಯೂರಿಗೆ ಪಾರ್ಕರ್ ಕೊಟ್ಟ ಇಂಥ ಸೂಚನೆಯಲ್ಲೇ. ಕೊಲೆಯಾದವನು ಡೆಪ್ಯುಟಿ ಮಾರ್ಷಲ್, ಎಂದರೆ ಆರೋಪಿಗಳನ್ನು ಹಿಡಿದು ನ್ಯಾಯಾಲಯಕ್ಕೆ ತರುವ ಅಧಿಕಾರಿ. ನ್ಯಾಯಾಧೀಶರಿಗೆ ಸಿಟ್ಟು ಬಂದಿದೆ, ಆ ಸಿಟ್ಟು ಜ್ಯೂರಿಯ ಸ್ವತಂತ್ರ ವಿವೇಚನೆಗೆ ಅಡ್ಡಬಂದಿದೆ ಎಂಬುದು 1894ರ ತೀರ್ಪಿನ ಸಾರ. ಪಾರ್ಕರ್ ಸುಮ್ಮನಿರುವವರಲ್ಲ, ಸುಪ್ರೀಂ ಕೋರ್ಟ್ ಅನ್ನು ಬಹಿರಂಗವಾಗಿಯೇ ಟೀಕಿಸಿದರು. ತೀರ್ಪು ರದ್ದಾದರೆ ಕಡತ ಕಟ್ಟಿಟ್ಟು ಮುಂದಿನದಕ್ಕೆ ಹೋಗುವ ನ್ಯಾಯಾಧೀಶರನ್ನೇ ನೋಡಿದ್ದ ನನಗೆ ಇದು ವಿಚಿತ್ರವೆನಿಸಿತು. ಸ್ವಲ್ಪ ಇಷ್ಟವೂ ಆಯಿತು, ಅವರು ಹೇಳಿದ್ದು ಸರಿ ಎಂದೇನೂ ಅನ್ನಿಸದಿದ್ದರೂ.

ಲೇಖನಕ್ಕೆ ಕೊನೆ ಸಿಕ್ಕಿದ್ದು ಅಲೆಕ್ಸಾಂಡರ್ ಅಲೆನ್ ಪ್ರಕರಣದಲ್ಲಿ. ಕೊಲೆ ಆರೋಪ ಹೊತ್ತ ಕಪ್ಪು ಹುಡುಗ, ಹದಿನಾಲ್ಕರ ಆಸುಪಾಸು. ಎರಡು ಸಲ ಶಿಕ್ಷೆ ರದ್ದಾಗಿ ಮೂರನೆಯ ಸಲ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ಜ್ಯೂರಿಯಲ್ಲಿ ಅಲ್ಪಸಂಖ್ಯೆಯಲ್ಲಿರುವವರು, ತಮ್ಮಷ್ಟೇ ಪ್ರಾಮಾಣಿಕರಾದ ಉಳಿದವರಿಗೆ ಬಾರದ ಸಂದೇಹ ತಮಗೇಕೆ ಬಂತು ಎಂದು ಯೋಚಿಸಲಿ ಎಂಬುದು ಅಲ್ಲಿ ಕೊಟ್ಟಿದ್ದ ಸೂಚನೆ. 1896ರ ಡಿಸೆಂಬರ್ 7ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ಅಲೆನ್ ಚಾರ್ಜ್’ ಎಂಬ ಹೆಸರಿನಲ್ಲಿ ಅದು ಅಮೆರಿಕದ ನ್ಯಾಯಾಲಯಗಳಲ್ಲಿ ಇಂದಿಗೂ ಚರ್ಚೆಗೆ ಬರುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೂಲನಿವಾಸಿಗಳ ನಾಡು ಪಾರ್ಕರ್ ಕೈತಪ್ಪಿತ್ತು, ನವೆಂಬರ್ 17ರಂದು ಅವರು ತೀರಿಕೊಂಡಿದ್ದರು. ತಾವು ಗೆದ್ದ ಸುದ್ದಿ ತಲುಪಲು ಇಪ್ಪತ್ತು ದಿನ ತಡವಾಯಿತು.

ಹಸ್ತಪ್ರತಿ ಓದಿದ ಸಂಪಾದಕರು ಒಂದಕ್ಷರವನ್ನೂ ಕತ್ತರಿಸಲಿಲ್ಲ. ಶೀರ್ಷಿಕೆಗೆ ಮಾತ್ರ ‘ಗಲ್ಲು’ ಎಂಬ ಪದ ಸೇರಿಸಿಕೊಂಡರು.